ಗೋಡೆಯ ಮೇಲಿನ ಸೀಲು

ಪಾಲಕ್ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಫೋನ್ ಬಂತು. ಅಂದು ದ್ವಾದಶಿ. ಪಾರಣೆಯ ಅಡುಗೆಗೆ ಅಗಸೆ ಸೊಪ್ಪು ಬೇಕು. ಟೆಕ್ಸಾಸಿನ ರಿಚರ್ಡ್‌ಸನ್ನಿನಲ್ಲಿ ಅದು ಸಿಗದೆ, ದೇವರ ಮುಂದೆ ಪಾಲಕ್ಕನ್ನೇ ಇಟ್ಟು ನಡೆಸಿಕೊಂಡು ಬಂದಿದ್ದೆವು.

ಫೋನ್ ಮಾಡಿದವರು ಮನೆ ಹತ್ತಿರದ ಮಕ್ಕಳ ಕ್ಲಿನಿಕ್ಕಿನ ಮ್ಯಾನೇಜರ್. ಹಿಂದಿನ ವಾರ ಮೆಡಿಕಲ್ ಅಸಿಸ್ಟೆಂಟ್ ಕೆಲಸಕ್ಕೆಂದು ಹೋದಾಗ, ನನ್ನ ಕೈಯಿಂದ ಒಂದು ಮಗುವಿನ ತೂಕ, ಜ್ವರ ನೋಡಿಸಿ ಮೆಚ್ಚಿಕೊಂಡಿದ್ದ ಹೆಂಗಸು.

"ನಿಮ್ಮದು ಆರ್‌ಎಂಎ ಸರ್ಟಿಫಿಕೇಟ್. ನಮ್ಮ ಡಾಕ್ಟರಿಗೆ ಸಿಎಂಎಯೇ ಬೇಕಂತೆ. ಸಾರಿ," ಎಂದು ಇಂಗ್ಲಿಷಿನಲ್ಲಿ ಹೇಳಿ ಇಟ್ಟರು. ಒಂದು ರಿಜಿಸ್ಟರ್ಡ್, ಇನ್ನೊಂದು ಸರ್ಟಿಫೈಡ್ ಮೆಡಿಕಲ್ ಅಸಿಸ್ಟೆಂಟ್.

ಗ್ರೀನ್ ಕಾರ್ಡ್ ಬರುವವರೆಗೆ ನಾನು ಕೆಲಸ ಮಾಡುವ ಹಾಗಿರಲಿಲ್ಲ. ಬಂದ ಮೇಲೆ ಕೋರ್ಸ್ ಮುಗಿಸಿ, ಪರೀಕ್ಷೆ ಪಾಸಾಗಿ ಹುಡುಕಿದಾಗ, ನಡೆದು ಹೋಗುವಷ್ಟು ಹತ್ತಿರ ಇದ್ದದ್ದು ಇದೊಂದೇ. ಮನೆಗಿದ್ದದ್ದು ಒಂದು ಕಾರು. ಅದು ಇವರ ಆಫೀಸಿಗೆ. ಇದು ತಪ್ಪಿತೆಂದರೆ ಮತ್ತೆ ಮನೆಯೇ.

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿರುವ ನಾದಿನಿಗೆ ಫೋನ್ ಮಾಡಿದೆ. ಅವಳು ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಸಿಎಂಎ.

"ಎರಡನ್ನೂ ಕೊಡೋರು ಬೇರೆ ಬೇರೆ, ಅತ್ತಿಗೆ. ಸಿಎಂಎ ಪರೀಕ್ಷೆಗೆ ಕೂರಬೇಕಾದ್ರೆ ಅವ್ರು ಒಪ್ಪಿರೋ ಕೋರ್ಸೇ ಆಗ್ಬೇಕು. ಆರ್‌ಎಂಎಗೆ ಬೇರೆ ದಾರೀನೂ ಇದೆ."

"ಕೆಲಸ?"

"ಕೆಲಸ ಒಂದೇ. ಬಿಪಿ ನೋಡೋದು, ಸೂಜಿ ಚುಚ್ಚೋದು, ಡಾಕ್ಟರ್ ಹತ್ರ ಬೈಸ್ಕೊಳ್ಳೋದು. ಸೇರೋ ಮುಂಚೆ ನೀವು ಕೇಳ್ಲಿಲ್ವಾ?"

ಕೇಳದೆ ಏನು? ಕೋರ್ಸ್ ನಡೆಸುವ ಶಾಲೆಗೆ ನಾನೂ ಇವರೂ ಜೊತೆಯಲ್ಲೇ ಹೋಗಿ, ಮೈಸೂರಿನಲ್ಲಿ ಯಾವ ಶಾಲೆಗೆ ಸೇರುವಾಗಲೂ ಕೇಳುವ ಪ್ರಶ್ನೆಯನ್ನೇ ಕೇಳಿದ್ದೆವು: ಸರ್ಕಾರದ ಮಾನ್ಯತೆ ಇದೆಯೇ? ಶಾಲೆಯವರು ಗೋಡೆಯ ಮೇಲಿದ್ದ ಟೆಕ್ಸಾಸ್ ಸರ್ಕಾರದ ಸೀಲು ತೋರಿಸಿದರು. ಕೈಮುಗಿಯುವುದೊಂದು ಬಾಕಿ, ಇನ್ನೇನೂ ಕೇಳಲಿಲ್ಲ. ನಾದಿನಿ ಹೇಳುವಂತೆ ಆ ಸೀಲು ಶಾಲೆ ನಡೆಸಲು ಕೊಟ್ಟ ಅನುಮತಿಯಷ್ಟೇ. ಈ ಕೆಲಸಕ್ಕೆ ಇಂಥದೇ ಸರ್ಟಿಫಿಕೇಟ್ ಇರಬೇಕೆಂದು ಸರ್ಕಾರ ಹೇಳುವುದೇ ಇಲ್ಲವಂತೆ. ಅದು ಆಯಾ ಡಾಕ್ಟರಿಗೆ ಬಿಟ್ಟದ್ದು. ಹಾಗಿದ್ದ ಮೇಲೆ ಯಾರ ಮೇಲೆ ಸಿಟ್ಟು ಮಾಡುವುದು?

ನನ್ನ ಜೊತೆ ಕಲಿತ ಧಾರವಾಡದ ಗೆಳತಿ ಲಿಯಾಂಡರ್ ಎಂಬ ಊರಿಗೆ ಶಿಫ್ಟ್ ಆಗಿ, ಅದೇ ಆರ್‌ಎಂಎ ಹಿಡಿದುಕೊಂಡು ಅದರ ಪಕ್ಕದ, ನಮ್ಮಿಂದ ಮೂರು ಗಂಟೆ ದಾರಿಯ ಆಸ್ಟಿನ್ನಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳಿಗೂ ಫೋನ್ ಮಾಡಿದೆ.

"ಇಲ್ಲಿ ಡಾಕ್ಟರ್ ಅದನ್ನೆಲ್ಲಾ ಕೇಳಲಿಲ್ರಿ. ರಕ್ತ ತಗಿಲಿಕ್ಕೆ ಬರ್ತದೇನು ಅಂದ್ರು, ಅಷ್ಟ. ಬಂದುಬಿಡ್ರಿ ಇಲ್ಲೇ."

"ಇವರಿಗೆ ಊಟ?"

"ಯಜಮಾನ್ರಿಗೆ ಅಡಿಗಿ ಕಲಿಸ್ರಿ. ಅದಕ್ಕ ಯಾವ ಸರ್ಟಿಫಿಕೇಟೂ ಬ್ಯಾಡ."

ನಗು ಬಂತು. ಆ ಬೆಳಿಗ್ಗೆ ಅಷ್ಟಾದರೂ ಕೊಟ್ಟನಲ್ಲ ದೇವರು.

ಧೈರ್ಯ ಮಾಡಿ ಕ್ಲಿನಿಕ್ಕಿಗೇ ತಿರುಗಿ ಫೋನ್ ಮಾಡಿದೆ. ಕೆಲಸ ಕೊಡಿ, ಸಂಜೆ ಕ್ಲಾಸಿಗೆ ಹೋಗಿ ಸಿಎಂಎಯನ್ನೂ ಮಾಡಿಕೊಳ್ಳುತ್ತೇನೆ ಎಂದೆ. ಮ್ಯಾನೇಜರ್ ಒಳಗೆ ಹೋಗಿ ಕೇಳಿ ಬಂದರು. ಆಗುವುದಿಲ್ಲ; ಅದನ್ನು ಮುಗಿಸಿಕೊಂಡು ಬನ್ನಿ ಎಂದರು. ನಾನು ಮಾಡಿದ ಕೋರ್ಸ್ ಅದಕ್ಕೆ ನಡೆಯದು; ಬರುವ ಕೆಲಸವನ್ನೇ ಮತ್ತೆ ಮೊದಲಿನಿಂದ ಕಲಿಯಬೇಕು.

ಇವರು ಪಾರಣೆ ಮುಗಿಸಿ ಹೊರಡಲು ಕಾಯುತ್ತಿದ್ದರು. "ಸರ್ಕಾರಾನೇ ಒಪ್ಪಿದ್ಮೇಲೆ ಬೇಡ ಅನ್ನೋಕೆ ಇವ್ರು ಯಾರು?"

"ಕೆಲಸ ಕೊಡೋರು," ಎಂದೆ.

ಪಾಲಕ್ಕಾದರೂ ಪರವಾಗಿಲ್ಲ ಎನ್ನುವವನು ನಮ್ಮ ದೇವರೊಬ್ಬನೇ. ಬಿಡಿಸಿದಷ್ಟು ಸೊಪ್ಪನ್ನು ತೊಳೆದು ಒಲೆಗೇರಿಸಿ, ಕಾಯಿ ತುರಿಯಲು ಕೂತೆ.