ಪಾಲಿಶ್ ಹೋದ ಗಿಟಾರು

ಕಾಫಿಯ ರುಚಿ ನೋಡುವುದು ನನ್ನ ಕೆಲಸ. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ, ಉದ್ದ ಮೇಜಿನ ಮೇಲೆ ಸಾಲಾಗಿ ಇಟ್ಟ ಬಟ್ಟಲುಗಳಿಗೆ ಒಂದೊಂದಾಗಿ ಮೂಗು ತಾಗಿಸುತ್ತೇನೆ, ಚಮಚದಲ್ಲಿ ಸೊರ್ರನೆ ಎಳೆದು ನಾಲಿಗೆಯ ಮೇಲೆ ಹೊರಳಿಸಿ ಉಗಿಯುತ್ತೇನೆ. 'ಉಗಿಯೋದಕ್ಕೂ ಸಂಬಳ ಕೊಡ್ತಾರಾ ಮಾರಾಯ್ತಿ?' ಎಂದು ನೆಂಟರು ತಮಾಷೆ ಮಾಡುತ್ತಾರೆ. ಕೊಡುತ್ತಾರೆ. ಹೋದ ವಾರ ಕಳಸದ ಕಡೆಯಿಂದ ಬಂದ ಒಂದು ಮಾದರಿಗೆ ಬಿಸಿನೀರು ಹುಯ್ದು ಬಗ್ಗಿದರೆ ಹಸಿ ಮಣ್ಣಿನ ವಾಸನೆ ಬಂತು. ಪಾರ್ಚ್‌ಮೆಂಟನ್ನು, ಅಂದರೆ ಹಣ್ಣಿನ ಸಿಪ್ಪೆ ಸುಲಿದ ಬೀಜವನ್ನು, ಚೆನ್ನಾಗಿ ಒಣಗಿಸದೆ ಒದ್ದೆ ನೆಲದ ಮೇಲೆ ರಾಶಿ ಹಾಕಿದರೆ ಕಾಫಿಗೆ ಈ ವಾಸನೆ ಹತ್ತುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಮಣ್ಣಿನ ವಾಸನೆಯನ್ನು ಹೊಗಳಿ ಮುಗಿಸಲಾರದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟೇನೂ ಇಲ್ಲ, ಅವರ ಮನೆಯ ಮೇಲೆ ಗುಡ್ಡ ಬಂದು ಕೂತಿಲ್ಲ, ಅಷ್ಟೆ. ನಾನು ಆ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಹೊರಗೆ ಬಂದು ನಿಂತೆ. ವಾಣಿ ಅತ್ತೆಯ ಗಿಟಾರು ನೆನಪಾಯಿತು, ಅದರ ಹಿಂದೆಯೇ ಅಜ್ಜಿ, ಅಜ್ಜಿಯ ಹಿಂದೆ ಆ ಮನೆ.

ಮನೆ ಎಂದರೆ ನಮ್ಮದಲ್ಲ, ಎಸ್ಟೇಟಿನ ಕ್ವಾರ್ಟರ್ಸು. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುತ್ತಿದ್ದ ತೋಟದಲ್ಲಿ ಅಪ್ಪ ರೈಟರ್ ಆಗಿದ್ದರು. ರೈಟರ್ ಎಂದರೆ ಕತೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. ಎರಡು ಕೋಣೆ, ಒಂದು ಅಡುಗೆಮನೆ, ಎದುರಿಗೆ ಪುಟ್ಟ ಅಂಗಳ, ಹಿಂದೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಗುಡ್ಡ. ಬೇಸಿಗೆಯಲ್ಲಿ ಆ ಗುಡ್ಡದಿಂದಾಗಿ ಮನೆ ತಣ್ಣಗಿರುತ್ತಿತ್ತು, ಅಜ್ಜಿ ಗೋಡೆಗೆ ಬೆನ್ನು ಕೊಟ್ಟು ಕೂತು 'ಇಂಥಾ ತಂಪು ಓನರ್ ಬಂಗಲೇಲೂ ಇಲ್ಲ' ಎನ್ನುತ್ತಿದ್ದಳು. ಅಪ್ಪನ ತಂಗಿ ವಾಣಿ ಅತ್ತೆ ಕಳಸದ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಮಾಡುತ್ತಿದ್ದಳು, ನಾನೂ ಅದೇ ಶಾಲೆಗೆ ಅವಳ ಜೊತೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಟ್ರೇನಿಂಗಿಗೆಂದು ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ಗೆಳತಿಯೊಬ್ಬಳ ಗಿಟಾರಿನ ಮೇಲೆ ಅವಳು ನಾಲ್ಕು ಸ್ವರ ಹಿಡಿಯಲು ಕಲಿತಿದ್ದಳು. ಊರಿಗೆ ಬಂದ ಮೇಲೆ ಗಿಟಾರೆಲ್ಲಿಂದ ಬರಬೇಕು? ಸಿಲ್ವರ್ ಓಕಿನ ಒಂದು ಪಟ್ಟಿಯನ್ನು ಸಾಪು ಮಾಡಿಸಿ, ಅದರ ಮೇಲೆ ಆರು ಗೆರೆ ಎಳೆದು, ಅಡ್ಡಗೆರೆ ಹಾಕಿ ಬೆರಳೂರುವ ಮನೆಗಳನ್ನು ಬರೆದುಕೊಂಡು, ದಿನಾ ಸಂಜೆ ಆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುತ್ತಿದ್ದಳು. ಒಂದು ಚೂರೂ ಸದ್ದಿಲ್ಲ. ಅವಳ ತುಟಿ ಮಾತ್ರ ಅಲ್ಲಾಡುತ್ತಿತ್ತು. 'ಇದು ಒಳ್ಳೇ ವಾದ್ಯ ಕಣೆ, ಯಾರ ತಲೇನೂ ತಿನ್ನಲ್ಲ' ಎಂದು ಅಜ್ಜಿ ಮೆಚ್ಚಿಕೊಂಡಿದ್ದಳು. ಅತ್ತೆ ನಗುತ್ತಿದ್ದಳು. ಆದರೆ ಫೋನಿನಲ್ಲಿ ಅವಳು ಒಂದೇ ಗಿಟಾರಿನ ಚಿತ್ರವನ್ನು ವರ್ಷಗಟ್ಟಲೆ ಇಟ್ಟುಕೊಂಡು ನೋಡುತ್ತಿದ್ದುದು ನನಗೆ ಗೊತ್ತಿತ್ತು. ಜೇನಿನ ಬಣ್ಣದ ಮುಖ, ಕಪ್ಪು ಕತ್ತು, ತೂತಿನ ಸುತ್ತ ತೆಳು ಬಳೆಯಂಥ ಅಲಂಕಾರ.

ಅದು ಸಿಕ್ಕಿದ್ದು ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ. ಹಳೇ ಜೀಪು, ಕಳೆ ಕೊಚ್ಚುವ ಮೆಷಿನ್ನು, ಮೆಣಸು ಕೊಯ್ಯುವ ಏಣಿ ಮಾರುವ ಆ ಗುಂಪಿನಲ್ಲಿ ಒಂದು ಬೆಳಿಗ್ಗೆ ಅಪ್ಪನ ಕಣ್ಣಿಗೆ ಗಿಟಾರು ಬಿತ್ತು. 'ಪಾಲಿಶ್ ಒಂದು ಕಡೆ ಹೋಗಿದೆ, ಬೇರೇನೂ ತೊಂದರೆ ಇಲ್ಲ' ಎಂದು ಬರೆದಿತ್ತು. ಅತ್ತೆ ನೋಡಿ ಕೂತಲ್ಲೇ ಕೂತಳು, ಅವಳ ಚಿತ್ರದಲ್ಲಿದ್ದಂಥದೇ ಗಿಟಾರು ಅದು. ಭಾನುವಾರ ಅತ್ತೆ ಮತ್ತು ನಾನು ಚಿಕ್ಕಮಗಳೂರಿಗೆ ಬಂದು, ಅಲ್ಲಿಂದ ಮಲ್ಲಂದೂರಿನ ಬಸ್ಸು ಹತ್ತಿದೆವು. ಕಾಫಿ ಹೂ ಬಿಟ್ಟಿತ್ತು, ಬಸ್ಸಿನ ಕಿಟಕಿಯಲ್ಲೆಲ್ಲ ಆ ಮತ್ತೇರಿಸುವ ವಾಸನೆ. ಮಾರುವವರ ಬಂಗಲೆಯಲ್ಲಿ ಲೀಲಮ್ಮ ಎಂಬ ವಯಸ್ಸಾದ ಹೆಂಗಸು ಒಬ್ಬರೇ ಇದ್ದರು. ಗಿಟಾರು ಅವರ ಯಜಮಾನರದು, ಅವರು ತೀರಿಕೊಂಡು ಒಂದು ವರ್ಷವೂ ಆಗಿರಲಿಲ್ಲ. ಅದರ ಮುಖದ ಮೇಲಂಚಿನಲ್ಲಿ, ನುಡಿಸುವವರ ಬಲಗೈ ಊರುವ ಜಾಗದಲ್ಲಿ, ಅಂಗೈಯಗಲ ಪಾಲಿಶ್ ಸವೆದು ಬರೀ ಮರ ಕಾಣುತ್ತಿತ್ತು. 'ಅವ್ರ ಕೈ ಉಜ್ಜಿ ಉಜ್ಜಿ ಹೋಗಿದ್ದು. ಹೊಸ ಪಾಲಿಶ್ ಹಾಕ್ಸಿ ಅಂದ್ರೆ, ಇರ್ಲಿ ಬಿಡು, ನನ್ ಜಾಗ ಅದು ಅಂತಿದ್ರು' ಎಂದರು ಲೀಲಮ್ಮ. ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಲಗೆಯ ಮೇಲೆ ಕಲಿತ ಬೆರಳುಗಳನ್ನು ಊರಿ ಮೊದಲ ಸಲ ಮೀಟಿದಾಗ ಲೀಲಮ್ಮ ಎದ್ದು ಒಳಗೆ ಹೋದರು, ಸದ್ದು ನಿಲ್ಲುವ ತನಕ ಆಚೆ ಬರಲಿಲ್ಲ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, 'ನೆಲಕ್ಕೆ ಇಡ್ಬೇಡಿ, ಗೋಡೆಗೆ ನೇತು ಹಾಕಿ. ರಸ್ತೇಲಿ ಲಾರಿ ಹೋದ್ರೆ ತಾನೇ ಗುಂಯ್ ಅನ್ನುತ್ತೆ, ಹೆದರ್ಕೋಬೇಡಿ' ಎಂದರು. ಅತ್ತೆ ಇಡೀ ದಾರಿ ಅದನ್ನು ಕೂಸಿನ ಹಾಗೆ ಅಪ್ಪಿಕೊಂಡು ಕೂತಿದ್ದಳು. ಅಷ್ಟು ಸಂತೋಷವಾಗಿದ್ದ ಅತ್ತೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅಜ್ಜಿ ಬಾಗಿಲಲ್ಲೇ ತಡೆದಳು.

'ಯಾರದ್ದೇ ಅದು?'

'ಮಲ್ಲಂದೂರಿನ ಒಬ್ಬರದಮ್ಮ.'

'ಅವ್ರಿಗೆ ಬೇಡ್ವಂತಾ?'

ಅತ್ತೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. 'ಅವ್ರು ಹೋಗ್ಬಿಟ್ರಂತೆ' ಎಂದಳು. ಅಜ್ಜಿ ಹತ್ತಿರ ಬಂದು ಪಾಲಿಶ್ ಹೋದ ಜಾಗವನ್ನು ಬಹಳ ಹೊತ್ತು ನೋಡಿದಳು, ಮುಟ್ಟಲಿಲ್ಲ. 'ಸತ್ತೋರು ಕೈ ಊರಿದ ಜಾಗ ಇದು. ಅಲ್ಲೇ ನೀನೂ ಕೈ ಊರ್ತೀಯಲ್ಲೇ' ಎಂದು ಒಳಗೆ ಹೋದಳು. ಆದರೆ ಅಜ್ಜಿಯ ಕೋಪ ಹಾಲು ಉಕ್ಕಿದ ಹಾಗೆ, ಉಕ್ಕಿದಷ್ಟೇ ಬೇಗ ಇಳಿಯುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಅದಕ್ಕೆ 'ಡಬ್ಬ' ಎಂದು ಹೆಸರಿಟ್ಟಳು. ಹಿಂದಿನ ಗೋಡೆಗೆ ಅಪ್ಪ ಮೊಳೆ ಹೊಡೆದು ನೇತು ಹಾಕಿದ್ದರು. ಸಂಜೆ ಅತ್ತೆ ನುಡಿಸುತ್ತಾ ಊಟ ಮರೆತರೆ ಅಜ್ಜಿ ಅಡುಗೆಮನೆಯಿಂದ ಕೂಗುವಳು: 'ಬಾರೆ, ನಿನ್ ಡಬ್ಬಕ್ಕೂ ಒಂದು ಎಲೆ ಹಾಕ್ಲಾ?' ಅಮ್ಮ ಮುಖ ತಿರುಗಿಸಿಕೊಂಡು ನಗುವಳು. ಆಗ ನಮ್ಮ ಮನೆಯಲ್ಲಿದ್ದ ಬೆಳಕು ನಲವತ್ತು ಕ್ಯಾಂಡಲ್ಲಿನ ಒಂದೇ ಬಲ್ಬಿನದು, ಆದರೂ ಆ ಸಂಜೆಗಳು ನನಗೆ ಈಗಲೂ ಬಹಳ ಬೆಳ್ಳಗೆ ಕಾಣುತ್ತವೆ.

ಬೇಸಿಗೆಯ ಕಡೆಯಲ್ಲಿ ಓನರು ನಮ್ಮ ಮನೆಯ ಮೇಲಿನ ಗುಡ್ಡವನ್ನು ಕಡಿಸಲು ಶುರುಮಾಡಿದರು. ಹೋಂಸ್ಟೇ ಆಗಬೇಕಿತ್ತು, ಕಿಟಕಿ ತೆರೆದರೆ ಕಣಿವೆ ಕಾಣುವಂಥ ರೂಮುಗಳು. ಜೆಸಿಬಿ ಬೆಳಗಿನಿಂದ ಸಂಜೆಯವರೆಗೆ ಮಣ್ಣು ಬಗೆಯುತ್ತಿತ್ತು. ಅದು ಗುದ್ದಿದಾಗಲೆಲ್ಲ ಗೋಡೆಯ ಮೇಲಿದ್ದ ಗಿಟಾರು ಯಾರೂ ಮುಟ್ಟದೆ ಗುಂಯ್ ಎನ್ನುತ್ತಿತ್ತು. ಅಜ್ಜಿ ಬೆಚ್ಚಿದಳು. ಅಪ್ಪ ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಮೇಲೆ ಜೆಸಿಬಿಯನ್ನು ತೋರಿಸಿ, 'ಅಲ್ಲಿ ಗುದ್ದಿದ್ದಕ್ಕೆ ಇಲ್ಲಿ ನಡುಗುತ್ತೆ, ಅಷ್ಟೇ ಅಮ್ಮ' ಎಂದು ತಿಳಿಸಿದರು. ಅಜ್ಜಿ ಒಪ್ಪಿದಳು. ಆಮೇಲೆ ಆಷಾಢದ ಮಳೆ ಹಿಡಿಯಿತು. ಕೆಲಸ ನಿಂತಿತು, ಜೆಸಿಬಿಯನ್ನು ವಾಪಸು ತೆಗೆದುಕೊಂಡು ಹೋದರು. ಗಿಟಾರು ಮಾತ್ರ ನಿಲ್ಲಿಸಲಿಲ್ಲ.

ಜೆಸಿಬಿ ಹೋದ ಮೇಲೆ ಮೊದಲು ಕೇಳಿಸಿದ್ದು ಒಂದು ಮಧ್ಯಾಹ್ನ, ನಾವೆಲ್ಲ ಹಲಸಿನ ಹಪ್ಪಳ ಸುಟ್ಟುಕೊಂಡು ಕೂತಿದ್ದಾಗ. ದಪ್ಪ ತಂತಿ ಮಾತ್ರ, ದೂರದಲ್ಲಿ ಯಾರೋ ಗಂಟಲೊಳಗೇ ರಾಗ ಎಳೆದ ಹಾಗೆ, ಸಣ್ಣಗೆ ಮೊರೆದು ಸುಮ್ಮನಾಯಿತು. ಹಪ್ಪಳ ಮುರಿಯುವ ಕೈಗಳು ನಿಂತವು. 'ಗಾಳಿಗೆ' ಎಂದರು ಅಪ್ಪ. ಕಿಟಕಿ ಮುಚ್ಚಿತ್ತು. ಆಮೇಲೆ ದಿನಕ್ಕೆ ಒಂದೆರಡು ಸಲ ಹಾಗಾಗತೊಡಗಿತು. ಅದೇ ಹೊತ್ತಿಗೆ ಬಚ್ಚಲಮನೆಯ ಬಾಗಿಲು ಚೌಕಟ್ಟಿಗೆ ಕೂರದೆ ಹೋಯಿತು, ಮಳೆಗೆ ಮರ ಉಬ್ಬಿದೆ ಎಂದು ಅಪ್ಪ ಅಂಚನ್ನು ಕೆತ್ತಿದರು. ಮನೆ ಹಿಂದಿನ ಒರತೆಯ ನೀರು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತು, ಅಮ್ಮ ಬಟ್ಟೆ ಕಟ್ಟಿ ಸೋಸಿದಳು. ಇವೆಲ್ಲವನ್ನೂ ಸಾಲಾಗಿ ಇಟ್ಟು ನೋಡಿದರೆ ಈಗ ಯಾವ ಮಗುವಿಗಾದರೂ ತಿಳಿಯುತ್ತದೆ. ಆಗ ನಮಗೆ ಬಾಗಿಲು ಬಾಗಿಲಾಗಿತ್ತು, ನೀರು ನೀರಾಗಿತ್ತು, ಗಿಟಾರು ಮಾತ್ರ ಸತ್ತವರದಾಗಿತ್ತು. ಹೆದರಬೇಕಾದದ್ದಕ್ಕೆಲ್ಲ ಸೇರಿಸಿ ನಾವು ಅದೊಂದಕ್ಕೇ ಹೆದರಿದೆವು.

ಅಜ್ಜಿ ಅದಕ್ಕೆ ಅರಿಶಿನದ ದಾರ ಕಟ್ಟಿದಳು, ಕುಂಕುಮ ಇಟ್ಟಳು. ಕಡೆಗೆ ಊಟ ಬಿಟ್ಟಳು. 'ಅವ್ರು ಕರೀತಿದಾರೆ ಕಣೆ ವಾಣಿ. ಅವ್ರ ಜಾಗದಲ್ಲಿ ಕೈ ಊರ್ಬೇಡ ಅಂದಿದ್ದೆ. ನಿಂಗೇನಾದ್ರೂ ಆದ್ರೆ ನಾನೆಂತ ಮಾಡ್ಲಿ?' ಎಂದು ಗೋಡೆಗೆ ಬೆನ್ನು ಕೊಟ್ಟು ಅತ್ತಳು. ಅಜ್ಜಿಗೆ ಹೆದರಿಕೆ ಇದ್ದದ್ದು ತನ್ನ ಬಗ್ಗೆ ಅಲ್ಲ, ಅದು ಅತ್ತೆಗೂ ಗೊತ್ತಿತ್ತು, ಆದ್ದರಿಂದಲೇ ಅವಳು ಸೋತಳು. ಲೀಲಮ್ಮನವರಿಗೆ ಹಿಂದಿರುಗಿಸುವ ಮಾತೂ ಬಂತು, ಆ ಮಳೆಯಲ್ಲಿ ಮರದ ವಾದ್ಯ ಹೊತ್ತುಕೊಂಡು ಯಾರು ಹೋಗುವುದು? ಮಳೆ ಕಳೆಯಲಿ, ಆಮೇಲೆ ನೋಡೋಣ, ಅಲ್ಲಿಯವರೆಗೆ ತಂತಿ ಸಡಿಲ ಮಾಡಿಡುತ್ತೇನೆ ಎಂದು ಅತ್ತೆ ಒಪ್ಪಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ಅವಳು ಬಿರಡೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿದಳು, ತಂತಿಗಳು ಒಂದೊಂದಾಗಿ ಸ್ವರ ಕಳೆದುಕೊಂಡು ಜೋತುಬಿದ್ದವು. ಅಜ್ಜಿ ತನ್ನ ಹಳೆಯ ಸೀರೆಯನ್ನು ತಂದು ತಾನೇ ಸುತ್ತಿದಳು, ಅದನ್ನು ಮತ್ತೆ ಮೊಳೆಗೆ ಸಿಕ್ಕಿಸಿದೆವು. ಅಂದಿನಿಂದ ಮನೆ ಸುಮ್ಮನಾಯಿತು. ಅಜ್ಜಿ ಊಟ ಮಾಡಿದಳು, ನಾವೆಲ್ಲ ಚೆನ್ನಾಗಿ ನಿದ್ದೆ ಮಾಡಿದೆವು.

ಗುಡ್ಡ ಬಂದದ್ದು ಬಿಸಿಲಿನ ದಿನ. ಎಷ್ಟೋ ದಿನಗಳ ಮೇಲೆ ಮಳೆ ಹೊಳವಾಗಿತ್ತು, ಶಾಲೆಗೆ ಕೊಟ್ಟಿದ್ದ ಮಳೆರಜೆ ಮುಗಿದು ಅತ್ತೆ ಮತ್ತು ನಾನು ಕಳಸದಲ್ಲಿದ್ದೆವು. ಅಪ್ಪ ಅಮ್ಮ ಮೂಡಿಗೆರೆಗೆ ಹೋಗಿದ್ದರು. ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದು, ಮುಗ್ಗಲು ಹಿಡಿದ ಹಾಸಿಗೆಗಳನ್ನು ಅಂಗಳದಲ್ಲಿ ಒಣಗಿಸಲು ಹಾಕಿದ್ದಳು. ಮಧ್ಯಾಹ್ನ ಎಸ್ಟೇಟಿನ ಜೀಪು ಶಾಲೆಯ ಗೇಟಿನ ಎದುರು ನಿಂತಾಗ, ಡ್ರೈವರು ಕೆಳಗಿಳಿಯದೆ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದನ್ನು ನೋಡಿ ಅತ್ತೆ ಕೈಯಲ್ಲಿದ್ದ ಚಾಕ್‌ಪೀಸನ್ನು ನನ್ನ ಕೈಗೆ ಕೊಟ್ಟಳು. ಯಾಕೆ ಕೊಟ್ಟಳೋ ಗೊತ್ತಿಲ್ಲ, ನಾನು ಅದನ್ನು ಸಂಜೆಯವರೆಗೂ ಹಿಡಿದುಕೊಂಡಿದ್ದೆ. ಅಲ್ಲಿ ಹೋಗಿ ನೋಡಿದರೆ ಮನೆ ಇರಲಿಲ್ಲ. ಮುರಿದ ಮನೆಯೂ ಅಲ್ಲ, ಮನೆಯೇ ಇಲ್ಲ. ಕೆಂಪು ಮಣ್ಣು, ಅದರೊಳಗಿಂದ ಬೇರು ಮೇಲಾಗಿ ನಿಂತ ಸಿಲ್ವರ್ ಓಕು, ಅಂಗಳದ ಅಂಚಿನಲ್ಲಿ ಬಿಸಿಲಿಗೆ ಹಾಕಿದ್ದ ಒಂದೇ ಒಂದು ದಿಂಬು. ಜೊತೆಗೆ ಹಸಿ ಮಣ್ಣಿನ ಆ ವಾಸನೆ.

ತೋಟದ ಆಳುಗಳು ಇರುವ ಕೂಲಿ ಲೈನಿನ ಗಿರಿಜಕ್ಕ ಎಲ್ಲವನ್ನೂ ಕಂಡಿದ್ದಳು. ಅವಳು ಅತ್ತೆಯ ಎರಡೂ ಕೈ ಹಿಡಿದುಕೊಂಡು ಹೇಳಿದಳು. 'ಮೇಲಿಂದ ಕಲ್ಲು ಉರುಳೋ ಸದ್ದು ಕೇಳಿ ನಾನು ಕೂಗ್ದೆ, ಅಜ್ಜಮ್ಮ ಅಂಗಳದಾಗೇ ಇದ್ರು. ಬನ್ನಿ ಬನ್ನಿ ಅಂದೆ. ಇತ್ಲಾಗೆ ನಾಲ್ಕು ಹೆಜ್ಜೆ ಬಂದೂ ಇದ್ರು. ಆಮೇಲೆ, ತಡಿ ಮಾರಾಯ್ತಿ, ನಮ್ ಹುಡುಗಿ ವೀಣೆ ಒಳಗಿದೆ ಅಂತ ತಿರುಗಿ ಹೋದ್ರಲ್ಲ ಅಕ್ಕಾ...' ಡಬ್ಬ ಎನ್ನಲಿಲ್ಲವಂತೆ. ವೀಣೆ ಅಂದಳಂತೆ.

ಮರುದಿನ ಅಜ್ಜಿ ಸಿಕ್ಕಿದಳು, ಗಿಟಾರೂ ಸಿಕ್ಕಿತು. ಕತ್ತು ಮುರಿದಿತ್ತು, ಸೀರೆ ಸುತ್ತಿದ್ದ ಹೊಟ್ಟೆ ಹಾಗೇ ಇತ್ತು. ಅತ್ತೆ ಬಹಳ ವರ್ಷ ಒಂದೇ ಪ್ರಶ್ನೆ ಕೇಳುತ್ತಿದ್ದಳು: 'ತಂತಿ ಬಿಗಿಯಾಗೇ ಇದ್ದಿದ್ರೆ ಅಮ್ಮಂಗೆ ಮೊದಲೇ ಗೊತ್ತಾಗ್ತಿತ್ತಾ ಅಣ್ಣ?' ಅಪ್ಪ ಒಮ್ಮೆ ಸಿಟ್ಟಿನಿಂದ, 'ಗುಡ್ಡ ಕಡಿಸಿದೋರನ್ನ ಯಾರೂ ಕೇಳ್ಲಿಲ್ಲ, ನೀನು ನಿನ್ನನ್ನೇ ಕೇಳ್ಕೋತೀಯಲ್ಲೇ' ಎಂದರು, ಹೇಳಿ ಎದ್ದು ಹೋದರು. ಗಿಟಾರು ನಮ್ಮನ್ನು ಎಚ್ಚರಿಸುತ್ತಿತ್ತೋ, ನೆಲ ನಡುಗಿದ್ದಕ್ಕೆ ಸುಮ್ಮನೆ ಮೊರೆಯುತ್ತಿತ್ತೋ, ಕಡೆಯವರೆಗೂ ಮೊರೆದಿದ್ದರೂ ನಾವು ಕೇಳುತ್ತಿದ್ದೆವೋ. ಮನೆ ಕಳೆದುಕೊಂಡವರು ನೀವಾಗಿದ್ದರೆ ನಿಮಗೂ ಇಂಥದೊಂದು ಪ್ರಶ್ನೆ ಇರುತ್ತದೆ, ಅದನ್ನು ಯಾರಿಗೂ ಹೇಳಿರುವುದಿಲ್ಲ. ನನಗೆ ಅಜ್ಜಿ ಬೇಕು. ಇಷ್ಟು ವರ್ಷದ ಮೇಲೂ ಅಷ್ಟೇ ಬೇಕು.

ಅತ್ತೆ ಈಗ ಚಿಕ್ಕಮಗಳೂರಿನಲ್ಲಿದ್ದಾಳೆ. ಅವಳ ಮನೆಯ ಗೋಡೆಯಲ್ಲಿ ಕತ್ತಿಲ್ಲದ, ತಂತಿಯಿಲ್ಲದ ಆ ಗಿಟಾರು ಇದೆ. ಪಾಲಿಶ್ ಇದ್ದ ಕಡೆ ಮಣ್ಣನ್ನು ಒರೆಸಿದರೆ ಹೋಯಿತು. ಪಾಲಿಶ್ ಹೋದ ಜಾಗದಲ್ಲಿ ಮಾತ್ರ ಬರೀ ಮರ ಮಣ್ಣನ್ನು ಕುಡಿದು ಕೆಂಪಾಗಿ ಉಳಿದಿದೆ. ಹೋದ ವಾರ ಆ ಕಾಫಿ ಬಟ್ಟಲಿಗೆ ಮೂಗಿಟ್ಟ ದಿನ ಸಂಜೆ ನಾನು ಅವಳ ಮನೆಗೆ ಹೋಗಿ, ಕೆಲಸದ ಅಭ್ಯಾಸವೋ ಏನೋ, ಅಲ್ಲಿಗೂ ಮೂಗು ತಾಗಿಸಿದೆ. ವಾಸನೆ ಇನ್ನೂ ಇದೆ. ಅತ್ತೆ ಕಾಫಿ ತಂದಿಟ್ಟು, ತನ್ನ ಶಾಲೆಯ ಮಕ್ಕಳ ಬಗ್ಗೆ ಏನೋ ಹೇಳುತ್ತಿದ್ದಳು. ಹೊರಗೆ ರಸ್ತೆಯಲ್ಲಿ ಒಂದು ಲಾರಿ ಬಂತು. ಅತ್ತೆ ಮಾತಿನ ನಡುವೆ ನಿಲ್ಲಿಸಿ ಗೋಡೆಯ ಕಡೆ ನೋಡಿದಳು, ನಾನೂ ನೋಡಿದೆ. ಲಾರಿ ದಾಟಿ ಹೋದ ಮೇಲೆ ಅವಳು ಮಾತು ಮುಂದುವರಿಸಿದಳು.