ಏರ್ ವಾಲ್ವಿಗೆ ಕಟ್ಟಿದ ಟ್ಯೂಬು

ನೀರು ಬಿಡುವ ಚಲಪತಿಯ ತಿಥಿ ಮುಗಿದ ಮಾರನೆಯ ದಿನ ಪಂಚಾಯ್ತಿ ಕಾರ್ಯದರ್ಶಿ ಮುರಳಿ ಒಂದು ಹಾಳೆ ಹಿಡಿದು ಮನೆಗೆ ಬಂದ. ವಾಲ್ವನ್ನು ಅವಸರದಲ್ಲಿ ತಿರುಗಿಸಿದ್ದರಿಂದ ಪೈಪ್ ಒಡೆದು ಚಲಪತಿ ಸತ್ತ ಎಂದು ಅದರಲ್ಲಿತ್ತು. ಹೆಂಡತಿ ಆದಿಲಕ್ಷ್ಮಮ್ಮ ಅಕ್ಷರ ಕೂಡಿಸಿಕೊಂಡು ಓದಿದಳು. ತಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು.

ಅವಸರ ಚಲಪತಿಯ ಮೈಯಲ್ಲೇ ಇರಲಿಲ್ಲ. ಕುಂದಾಣದ ಪಕ್ಕದ ಆ ಊರಿಗೆ ಹತ್ತೊಂಬತ್ತು ವರ್ಷ ನೀರು ಬಿಟ್ಟವನು. ವಾಲ್ವ್ ಒಂದು ಸುತ್ತು ತಿರುಗಿಸಿ, ಎಲೆಅಡಿಕೆ ಅಗಿದು, ಆಮೇಲೆ ಇನ್ನೊಂದು ಸುತ್ತು. ಕೊಡ ಹಿಡಿದು ಕಾಯುವ ಮುನಿತಾಯಮ್ಮ ರೇಗುತ್ತಿದ್ದಳು. “ಬೇಗ ಬಿಡಪ್ಪಾ. ಮಗೀಗೆ ಹಾಲು ಕುಡಿಸ್ತಿದ್ದೀಯಾ?”

“ಗಬಕ್ಕನೆ ಬಿಟ್ರೆ ನೀರು ಒದೀತೈತೆ ಕಣಮ್ಮ. ಕತ್ತೆ ಒದೆನಾದ್ರೂ ತಡ್ಕೊಬೋದು.”

ಹೆಂಡತಿಗೂ ಹೇಳುತ್ತಿದ್ದ. “ಕರೆಂಟ್ ಹೋದ್ರೆ ಮೇಲಕ್ಕೆ ಹತ್ತೋ ನೀರು ವಾಪಸ್ ಬೀಳ್ತೈತೆ. ದಿಣ್ಣೆ ಮೇಲಿನ ಏರ್ ವಾಲ್ವು ಗಾಳಿ ಎಳ್ಕೊಂಡ್ರೆ ಪೈಪು ಉಳೀತು. ಅದರ ಮೂಗು, ಆ ಗಾಳಿ ತೂತು, ಮಾತ್ರ ಮುಚ್ಚಬ್ಯಾಡ.”

ಆ ಮೂಗು ಆಗಾಗ ನೀರು ಚಿಮ್ಮುತ್ತಿತ್ತು. ಪಕ್ಕದ ಬಂಡೆಯ ಮೇಲೆ ಆದಿಲಕ್ಷ್ಮಮ್ಮನ ರಾಗಿ ಒಣಗುತ್ತಿತ್ತು. ರಾಗಿ ನೆನೆಯದಿರಲೆಂದು ಒಂದು ಬೆಳಿಗ್ಗೆ ಆ ಮೂಗಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ಬಿಗಿದಳು. ಸಂಜೆ ಬಿಚ್ಚಿದರಾಯಿತು ಎಂದುಕೊಂಡಳು. ಮಧ್ಯಾಹ್ನ ಎರಡಕ್ಕೆ ಪಂಪ್ ಓಡುತ್ತಿರುವಾಗಲೇ ಕರೆಂಟ್ ಹೋಯಿತು. ಪಂಪ್‌ಹೌಸಿನಲ್ಲಿ ಢಂ ಎಂದಿತು. ಒಡೆದ ಪೈಪಿನ ಕಬ್ಬಿಣದ ತುಂಡು ಅಲ್ಲಿದ್ದ ಚಲಪತಿಯ ಎದೆಗೆ ಬಡಿದಿತ್ತು. ಊರೆಲ್ಲ ಅತ್ತ ಓಡಿತು. ಅವಳು ಮೊದಲು ದಿಣ್ಣೆಗೆ ಓಡಿ ಟ್ಯೂಬ್ ಬಿಚ್ಚಿದಳು. ಆಮೇಲೆ ಗಂಡನ ಹತ್ತಿರ ಹೋದಳು. ಅಷ್ಟರಲ್ಲಿ ಉಸಿರು ಹೋಗಿತ್ತು.

“ಸೈನ್ ಹಾಕಮ್ಮ, ಫೈಲ್ ಮುಗಿಸ್ಬಿಡ್ತೀನಿ” ಎಂದ ಮುರಳಿ, ಹಾಳೆ ಮುಂದೊಡ್ಡಿ.

“ತಪ್ಪು ಬರ್ದಿದ್ದೀಯಪ್ಪ. ಏರ್ ವಾಲ್ವ್ ಮೂಗು ಕಟ್ಟಿದ್ರು. ಅದಕ್ಕೇ ಒಡೀತು.”

“ಯಾರು ಕಟ್ಟಿದ್ದು?”

“ನಾನು.”

ಮುರಳಿ ಪೆನ್ನು ಕೆಳಗಿಟ್ಟ. “ಸುಮ್ನಿರಮ್ಮ. ಸತ್ತೋರನ್ನ ಯಾರೂ ಕೇಳಲ್ಲ. ನಿನ್ನ ಹೆಸರು ಬಂದ್ರೆ ಪೊಲೀಸ್ನೋರು ಬರ್ತಾರೆ.”

“ಬರ್ಲಿ. ಕೆಲಸ ಗೊತ್ತಿಲ್ದೋನು ಅಂತ ಅವ್ರನ್ನ ಬರೀಬ್ಯಾಡ.”

ಮುರಳಿ ಆ ಸಾಲು ಹೊಡೆದುಹಾಕಿ ಹೊಸದು ಬರೆದ. ಅವಳು ಓದಿಸಿ ಕೇಳಿ, ನಿಧಾನವಾಗಿ ಸಹಿ ಹಾಕಿದಳು. ಮಗಳು ದಿವ್ಯ ಬಾಗಿಲಲ್ಲಿ ನಿಂತು ಅಷ್ಟನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ, ತಾಯಿಯನ್ನು ಹೊರಗೇ ಬಿಟ್ಟು ಅಗುಳಿ ಹಾಕಿಕೊಂಡಳು.