ಯೆಲ್ಲೋಸ್ಟೋನಿಗೆಂದು ಹೊರಟದ್ದು

ಒಳಗೇ ಒಲೆ, ಹಾಸಿಗೆ ಎಲ್ಲ ಇರುವ ಮೋಟರ್ ಹೋಮು ಬಾಡಿಗೆಗೆ ತೆಗೆದುಕೊಂಡು ಯೆಲ್ಲೋಸ್ಟೋನಿನ ಬಿಸಿನೀರಿನ ಬುಗ್ಗೆಗಳನ್ನು ನೋಡಿಬರೋಣ ಎಂದವರು ನನ್ನ ಗಂಡ. ಎಂಬತ್ತರ ದಶಕದ ನಡುಭಾಗ. ನಾವು ಸನಿವೇಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಅವರು ಚಿಪ್ ತಯಾರಿಸುವ ಕಂಪನಿಯೊಂದರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರು. ಆ ವರ್ಷ ಅಲ್ಲಿ ಶುಕ್ರವಾರ ಶುಕ್ರವಾರ ಜನರನ್ನು ಕೆಲಸದಿಂದ ತೆಗೆಯುತ್ತಲೇ ಇದ್ದರು. ಶುಕ್ರವಾರ ಬಂತೆಂದರೆ ಇವರಿಗೆ ಊಟ ಸೇರುತ್ತಿರಲಿಲ್ಲ. ನನಗೆ ಮಾತ್ರ ಒಳ್ಳೆಯ ಕಾಲ. ಮೈಸೂರಿನಲ್ಲಿ ಓದಿದ್ದು ಇಲ್ಲಿ ನಡೆಯದೆ, ಮತ್ತೆ ಪರೀಕ್ಷೆಗೆ ಕೂತು, ಪಾಲೋ ಆಲ್ಟೋದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಗಿಟ್ಟಿಸಿಕೊಂಡಿದ್ದೆ. ಸೆಪ್ಟೆಂಬರಿನಲ್ಲಿ ಸೇರಬೇಕಿತ್ತು.

ಆ ಪರೀಕ್ಷೆ ಪಾಸಾದದ್ದರಲ್ಲಿ ಅರ್ಧ ಪಾಲು ನಮ್ಮತ್ತೆಯದು. ಮೈಸೂರಿನಿಂದ ಬಂದು ನಮ್ಮೊಂದಿಗಿದ್ದ ಅವರು ಆರು ವರ್ಷದ ಮಗಳನ್ನು ನೋಡಿಕೊಳ್ಳುತ್ತಿದ್ದರು. ನಾನು ಒಲೆಯ ಹತ್ತಿರ ಸುಳಿದರೆ, "ಹೋಗು, ಓದ್ಕೋ ಹೋಗು" ಎಂದು ಓಡಿಸುತ್ತಿದ್ದರು. ಫಲಿತಾಂಶ ಬಂದಾಗ ನನ್ನ ಬಾಯಿಗೆ ಸಕ್ಕರೆ ಹಾಕಿ ಅತ್ತುಬಿಟ್ಟಿದ್ದರು. ಹೆತ್ತಮ್ಮನಿಗಿಂತ ಹೆಚ್ಚು ಎಂದು ಗೆಳತಿಯರ ಮುಂದೆ ಹೇಳಿಕೊಳ್ಳುತ್ತಿದ್ದೆ.

ಹೊರಡುವ ದಿನ ಲಿವರ್‌ಮೋರ್ ದೇವಸ್ಥಾನದಲ್ಲಿ ವಾಹನಕ್ಕೆ ಪೂಜೆ ಮಾಡಿಸಿದೆವು. ಆ ದೊಡ್ಡ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾದದ್ದು ನೋಡಿ ಮಗಳಿಗೆ ನಗುವೋ ನಗು. ಪುಳಿಯೋಗರೆ ಗೊಜ್ಜು, ಚಪಾತಿ, ಕೋಡುಬಳೆ ಎಲ್ಲ ಜೊತೆಗಿತ್ತು. ಬೆಟ್ಟಗಳನ್ನು ದಾಟಿ ನೆವಾಡಾಕ್ಕೆ ಇಳಿದ ಮೇಲೆ ಮರಗಳು ಮುಗಿದುಹೋದವು. ಬೂದು ಬಣ್ಣದ ಕುರುಚಲು ಗಿಡ, ಅದರಾಚೆ ಬೋಳು ಗುಡ್ಡ, ಮತ್ತೆ ಕುರುಚಲು ಗಿಡ. ಮರುದಿನ ಮಧ್ಯಾಹ್ನ ಇವರು ಫ್ರೀವೇ ಬಿಟ್ಟು ಪಕ್ಕದ ರಸ್ತೆಗೆ ತಿರುಗಿಸಿದರು.

"ಎಂಜಿನ್ ಬಿಸಿಯಾಗ್ತಿದೆ. ಇವತ್ತು ಇಲ್ಲೇ ಒಂದೂರಲ್ಲಿ ನಿಲ್ಲೋಣ" ಎಂದರು.

ಅದು ಚಿನ್ನದ ಗಣಿಯ ಊರು. ಒಂದೇ ಮುಖ್ಯ ರಸ್ತೆ, ಜೂಜಿನ ಯಂತ್ರಗಳಿದ್ದ ಒಂದು ಹೋಟೆಲು, ಗ್ರೋಸರಿ ಅಂಗಡಿ. ಊರಿನ ಹಿಂದಿದ್ದ ಬೆಟ್ಟವನ್ನು ಮೇಲಿನಿಂದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ಅದರ ಮೇಲೆ ಇರುವೆಗಳಂತೆ ಲಾರಿಗಳು. ಊರಂಚಿನಲ್ಲಿ ನಮ್ಮಂಥ ಗಾಡಿಗಳು ತಂಗುವ ಬಯಲಿನಲ್ಲಿ ನಿಲ್ಲಿಸಿ, ಮೆಕ್ಯಾನಿಕ್ಕನ್ನು ಕೇಳಿಕೊಂಡು ಬರುತ್ತೇನೆಂದು ಇವರು ಹೋದರು. ಮೆಕ್ಯಾನಿಕ್ಕನ್ನು ನೋಡಲು ಇಸ್ತ್ರಿ ಮಾಡಿದ ಅಂಗಿ ಯಾಕೆ ಎಂದು ಒಮ್ಮೆ ಅನ್ನಿಸಿತು. ಕೇಳಲಿಲ್ಲ.

ಮಗಳ ಬಟ್ಟೆ ಒಗೆಯೋಣವೆಂದು ನಾನು ಅಲ್ಲಿನ ಆಫೀಸಿಗೆ ಹೋದೆ. ಆ ಜಾಗದ ಯಜಮಾನಿ ಕೆಂಪು ಮುಖದ, ದಪ್ಪ ಕನ್ನಡಕದ ಹೆಂಗಸು. ನನ್ನ ಹಣೆಯ ಕುಂಕುಮ ನೋಡಿದವಳೇ ಮುಖ ಅರಳಿಸಿದಳು.

"ಗಣಿಗೆ ಬರುತ್ತಿರುವ ಹೊಸ ಇಂಜಿನಿಯರನ ಹೆಂಡತಿ ನೀವೇ ಅಲ್ಲವೆ? ನಿಮ್ಮ ಮನೆಗೆ ಬಣ್ಣ ಹೊಡೆಯುತ್ತಿರುವವನು ನನ್ನ ತಮ್ಮ."

ಬೇರೆ ಯಾರೋ ಇರಬೇಕು ಎಂದೆ.

"ಇಂಡಿಯಾದವರು, ಒಬ್ಬಳು ಪುಟ್ಟ ಮಗಳು, ಜೊತೆಗೆ ಅಜ್ಜಿ. ಏಪ್ರಿಲ್‌ನಲ್ಲಿ ಆ ಇಂಜಿನಿಯರು ಒಬ್ಬರೇ ಬಂದಾಗ ಇಲ್ಲೇ ಉಳಿದುಕೊಂಡಿದ್ದರಲ್ಲ" ಎಂದಳು. ಅವಳಿಗೆ ಸಂತೋಷವೇ. ಇಲ್ಲಿನ ಶಾಲೆ ಚಿಕ್ಕದು, ಆದರೆ ಟೀಚರು ಒಳ್ಳೆಯವಳು ಎಂದೂ ಹೇಳಿದಳು.

ಏಪ್ರಿಲ್‌ನಲ್ಲಿ ಇವರು ನೆವಾಡಾದ ರೀನೋಗೆ ಮೀಟಿಂಗು ಎಂದು ಹೋಗಿದ್ದರು. ದಾರಿಗೆ ಚಪಾತಿ ಕಟ್ಟಿಕೊಟ್ಟವಳು ನಾನೇ.

ಒಗೆಯದ ಬಟ್ಟೆಯನ್ನು ಹಿಡಿದುಕೊಂಡು ಹಾಗೇ ಹಿಂತಿರುಗಿದೆ. ಮೋಟರ್ ಹೋಮಿನ ನೆರಳಿನಲ್ಲಿ ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಮಗಳು ಪಕ್ಕದಲ್ಲಿ ಕಲ್ಲು ಆರಿಸುತ್ತಿದ್ದಳು. ಅತ್ತೆಗೆ ಹೇಳಿಕೊಂಡರೆ ಸಾಕು, ನನ್ನ ಪರ ಒಬ್ಬರಿದ್ದಾರೆ ಎಂದುಕೊಂಡೇ ಬಂದಿದ್ದೆ.

"ಅತ್ತೆ, ಇವರು ಇಲ್ಲಿ ಕೆಲಸ ಒಪ್ಪಿಕೊಂಡಿದಾರಂತೆ. ಮನೇನೂ ನೋಡಿದಾರಂತೆ."

ಅವರು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಹುರುಳಿಕಾಯಿ ಮುರಿದು ಪಾತ್ರೆಗೆ ಹಾಕಿದರು.

"ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ ಅಂದಿದ್ದ ಕಣಮ್ಮ. ದಾರೀಲಿ ಹೇಳ್ತಾನೆ ಅಂತ ಕಾಯ್ತಾನೇ ಇದ್ದೆ."

ಅಲ್ಲೇ ಗಾಡಿಯ ಮೆಟ್ಟಿಲ ಮೇಲೆ ಕೂತೆ. ಹಾಗಾದರೆ ಕೋಡುಬಳೆ ಕರಿಯುವಾಗ ಅತ್ತೆಗೆ ಗೊತ್ತಿತ್ತು. ಲಿವರ್‌ಮೋರ್‌ನಲ್ಲಿ ನನ್ನ ಪಕ್ಕ ಕೈಮುಗಿದು ನಿಂತಾಗಲೂ ಗೊತ್ತಿತ್ತು. ಕೆಲಸಕ್ಕೆ ಸೇರುವ ದಿನ ಉಡಲು ನಾನು ಎರಡು ಸೀರೆ ತಂದು ತೋರಿಸಿದಾಗ ನೀಲಿಯದೇ ಚೆನ್ನ ಎಂದಿದ್ದರಲ್ಲ, ಆಗಲೂ.

ಇವರು ನಗುನಗುತ್ತಾ ಬಂದರು. ನನ್ನ ಮುಖ ನೋಡಿ ನಗು ನಿಂತಿತು.

"ಹೇಳಿದ್ರೆ ನೀನು ಬರ್ತಾನೇ ಇರ್ಲಿಲ್ಲ" ಎಂದರು. "ಒಂದ್ಸಲ ಮನೆ ನೋಡು. ಆಮೇಲೆ ಬೈಯುವಂತೆ."

"ನನ್ನ ಕೆಲಸ?"

"ಇಲ್ಲೂ ಒಂದು ಕ್ಲಿನಿಕ್ಕಿದೆ, ವಿಚಾರಿಸಿದೀನಿ. ನಾಳೆ ಅಲ್ಲಿ ನನ್ನ ತೆಗೆದ್ರೆ ಏನ್ ಮಾಡ್ತೀಯ ಹೇಳು. ಭಯ ಆಗತ್ತೆ ಕಣೇ ನಂಗೆ."

ಆ ಭಯ ನಿಜವಿತ್ತು. ಅದನ್ನು ನನ್ನೊಡನೆ ಹೇಳಿಕೊಂಡಿದ್ದರೆ ಏನಾಗುತ್ತಿತ್ತೋ ತಿಳಿಯದು.

ಮನೆ ನೋಡಲು ಹೋದೆ. ಮಗಳು ಹಟ ಹಿಡಿದಳು, ಅದಕ್ಕೆ. ಹೊಸ ಬಣ್ಣದ ವಾಸನೆಯ ಖಾಲಿ ಕೋಣೆಗಳಲ್ಲಿ ಅವಳು ಕೂಗಿಕೊಂಡು ಓಡಾಡಿದಳು. ಅಡುಗೆಮನೆಯಲ್ಲಿ ಇವರು ಗೋಡೆಯ ಶೆಲ್ಫನ್ನು ತೋರಿಸಿ, "ನೋಡು, ನಿನ್ನ ಕೈಗೆ ಎಟುಕೋ ಹಾಗೆ ಕೆಳಗೆ ಹಾಕಿಸಿದೀನಿ" ಎಂದರು. ಸನಿವೇಲ್‌ನಲ್ಲಿ ಪ್ರತಿ ಡಬ್ಬಿಗೂ ಸ್ಟೂಲು ಹತ್ತಬೇಕೆಂದು ನಾನು ಗೊಣಗುತ್ತಿದ್ದೆ. ಅದನ್ನು ನೆನಪಿಟ್ಟುಕೊಂಡಿದ್ದರು. ನನ್ನ ಎತ್ತರ ಆ ಊರಿನ ಬಡಗಿಗೆ ಗೊತ್ತಿತ್ತು; ಆ ಊರು ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಇವರು ಅದನ್ನು ಸಂತೋಷವೆಂದು ತಿಳಿದು ನನ್ನ ಹೆಗಲು ಮುಟ್ಟಿದರು.

"ನಾನು ಇಲ್ಲಿರಲ್ಲ ರೀ" ಎಂದೆ. "ನೀವಿರಿ. ನಂಗೆ ಸೆಪ್ಟೆಂಬರಲ್ಲಿ ಕೆಲಸ ಇದೆ."

ಮರುದಿನ ಬೆಳಿಗ್ಗೆ ಗಾಡಿ ತಿರುಗಿಸಿದೆವು. ಬಿಸಿನೀರಿನ ಬುಗ್ಗೆ ಎಲ್ಲಿ ಎಂದು ಮಗಳು ಕೇಳುತ್ತಲೇ ಇದ್ದಳು.

ಇವರು ಗಣಿಗೆ ಹೋದರು. ನಾನು ಪಾಲೋ ಆಲ್ಟೋದ ಕೆಲಸಕ್ಕೆ ಸೇರಿದೆ, ನೀಲಿ ಸೀರೆ ಬಿಟ್ಟು ಇನ್ನೊಂದನ್ನು ಉಟ್ಟು. ಎರಡು ಚಳಿಗಾಲ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಇವರು ಬಂದು ಹೋಗುತ್ತಿದ್ದರು. ಬಂದಾಗಲೆಲ್ಲ ಜಗಳ. ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಅವರೂ ಅಂದರು. ಜಗಳವಾಡಿ ಆಡಿ ಎಲ್ಲೋ ಒಂದು ಕಡೆ ಅದು ಸವೆಯಿತು. ಆಮೇಲೆ ಅವರಿಗೆ ಸ್ಯಾನ್ ಹೊಸೆಯಲ್ಲಿ ಕೆಲಸ ಸಿಕ್ಕಿ ಮನೆಗೆ ಬಂದರು. ಈಗಲೂ ಚೆನ್ನಾಗಿಯೇ ಇದ್ದೇವೆ.

ಅತ್ತೆಯೊಡನೆ ಮಾತ್ರ ಒಂದು ದಿನವೂ ಜಗಳವಾಡಲಿಲ್ಲ. ಮೊದಲ ಚಳಿಗಾಲಕ್ಕೆ ಮುಂಚೆಯೇ ಅವರು ಮೈಸೂರಿಗೆ ಹೊರಟರು. ಏರ್‌ಪೋರ್ಟಿನಲ್ಲಿ ನನ್ನ ಕೈ ಹಿಡಿದು, "ಅವನು ನನ್ನ ಮಗ ಕಣಮ್ಮ, ಏನ್ ಮಾಡ್ಲಿ" ಎಂದರು. "ಇರ್ಲಿ ಬಿಡಿ ಅತ್ತೆ" ಎಂದೆ. ಆಮೇಲೆ ಫೋನಿನಲ್ಲಿ ಹಬ್ಬಹುಣ್ಣಿಮೆಗೆ ಮಾತಾಡಿದೆ, ಊರಿಗೆ ಹೋದಾಗ ಸೀರೆ ಕೊಟ್ಟು ಕಾಲಿಗೆ ಬಿದ್ದೆ, ಕಾಯಿಲೆ ಬಿದ್ದಾಗ ಹೋಗಿ ನೋಡಿಕೊಂಡೆ. ನನ್ನ ಮನಸ್ಸಿನಲ್ಲಿ ಏನಿದೆಯೆಂದು ಮಾತ್ರ ಅವರಿಗೆ ಮತ್ತೆಂದೂ ಹೇಳಲಿಲ್ಲ. ಹೇಳುವುದನ್ನು ಬಿಟ್ಟಿದ್ದೇನೆಂದು ಅವರಿಗೂ ಗೊತ್ತಾಗಿತ್ತು ಎಂದೇ ನನ್ನ ಅನುಮಾನ.